ಹ್ಯಾವ್‌ಲಾಕ್‌ಗೆ ಡೈವಿಂಗ್ ಹೊರಟಿದ್ದೀರಾ? ಬ್ಯಾಗಿಗೆ ಏನು ಹಾಕಬೇಕು, ಏನು ಬಿಡಬೇಕು

ಹ್ಯಾವ್‌ಲಾಕ್ ಅಂಡಮಾನ್‌ನ ಒಂದು ದ್ವೀಪ. ಬೆಂಗಳೂರಿನಿಂದ ಅಂಡಮಾನ್‌ಗೆ ಹೋಗುವ ವಿಮಾನದಲ್ಲಿ ಸಾಮಾನ್ಯ ಟಿಕೆಟ್‌ಗೆ 15 ಕಿಲೋ ಚೆಕ್-ಇನ್ ಲಗೇಜು, 7 ಕಿಲೋ ಕೈಚೀಲ ಸಿಗುತ್ತದೆ. ಈಗ ಸ್ಕೂಬಾ ಸಲಕರಣೆಯ ತೂಕ ನೋಡಿ. ಬಿಸಿಡಿ, ಅಂದರೆ ಗಾಳಿ ತುಂಬುವ ಜಾಕೆಟ್, ಮೂರರಿಂದ ನಾಲ್ಕು ಕಿಲೋ. ಸಿಲಿಂಡರ್‌ನ ಗಾಳಿಯನ್ನು ಬಾಯಿಗೆ ತರುವ ರೆಗ್ಯುಲೇಟರ್, ಹೋಸುಗಳ ಸಮೇತ, ಸುಮಾರು ಮೂರು ಕಿಲೋ. ಫಿನ್, ಅಂದರೆ ಪಾದಕ್ಕೆ ಹಾಕುವ ಈಜುರೆಕ್ಕೆ, ಒಂದು ಜೊತೆ ಎರಡು ಕಿಲೋ. ಮೈ ಬೆಚ್ಚಗಿಡುವ ರಬ್ಬರಿನಂಥ ಉಡುಪು ವೆಟ್‌ಸೂಟ್ ಒಂದೂವರೆಯಿಂದ ಎರಡು. ಇಷ್ಟಕ್ಕೇ ಹತ್ತು ಕಿಲೋ ಹತ್ತಿರ ಬಂತು. ಬಟ್ಟೆಗೆ ಜಾಗವೇ ಉಳಿಯಲಿಲ್ಲ, ಅಲ್ವಾ?

ಹಾಗಂತ ಬರಿಗೈಯಲ್ಲಿ ಹೋಗುವುದೂ ಸರಿಯಲ್ಲ. ಸೋರುವ ಮಾಸ್ಕ್ ಒಂದೇ ಸಾಕು, ಇಡೀ ಡೈವ್ ಹಾಳಾಗುತ್ತದೆ. ನಾನು ಪಾಲಿಸುವ ನಿಯಮ ಸರಳ: ಮುಖಕ್ಕೆ, ಮೈಗೆ ಅಂಟಿಕೊಳ್ಳುವುದು ನಿಮ್ಮದೇ ಇರಲಿ. ಬೆನ್ನಿಗೆ ಹೊರುವುದು ಅಲ್ಲಿಯದೇ ಸಾಕು.

ಇದು ಡೈವಿಂಗ್‌ನ ಮೊದಲ ಹಂತದ ಓಪನ್ ವಾಟರ್ ಕೋರ್ಸ್ ಮುಗಿಸಿ, ವಾರದ ರಜೆಯಲ್ಲಿ ದಿನಕ್ಕೆ ಎರಡು ಡೈವ್ ಮಾಡಬೇಕು ಅಂದುಕೊಂಡವರಿಗಾಗಿ ಬರೆದದ್ದು. ಕೋರ್ಸ್ ಮಾಡಿಲ್ಲ, ಒಮ್ಮೆ ನೀರೊಳಗೆ ಇಳಿದು ನೋಡಬೇಕು ಅಷ್ಟೇ ಅನ್ನುವವರು ಏನನ್ನೂ ಕೊಳ್ಳಬೇಡಿ. ಈಜುಡುಗೆ, ಟವೆಲ್, ಒಣ ಬಟ್ಟೆ ಸಾಕು. ಪವರ್ ಕನ್ನಡಕ ಹಾಕುವವರಾದರೆ ಮಾತ್ರ ಮುಂದೆ ಮಾಸ್ಕ್ ಬಗ್ಗೆ ಬರೆದದ್ದನ್ನು ಓದಿ.

ಮೊದಲು ಡೈವ್ ಸೆಂಟರ್‌ಗೆ ಕೇಳಿ

ಪ್ಯಾಕ್ ಮಾಡುವ ಮೊದಲು, ಏನನ್ನಾದರೂ ಕೊಳ್ಳುವ ಮೊದಲು, ನೀವು ಬುಕ್ ಮಾಡಿದ ಸೆಂಟರ್‌ಗೆ ಒಂದು ಮೆಸೇಜ್ ಹಾಕಿ. ಹ್ಯಾವ್‌ಲಾಕ್‌ನಲ್ಲಿ ಸಾಮಾನ್ಯವಾಗಿ ಡೈವ್ ಹಣದಲ್ಲೇ ಸಿಲಿಂಡರ್, ತೂಕದ ಬೆಲ್ಟ್, ಬಿಸಿಡಿ, ರೆಗ್ಯುಲೇಟರ್, ಮಾಸ್ಕ್, ಫಿನ್, ವೆಟ್‌ಸೂಟ್ ಎಲ್ಲವೂ ಸೇರಿರುತ್ತವೆ. ಆದರೆ ಎಲ್ಲ ಕಡೆ ಒಂದೇ ಪದ್ಧತಿ ಇರುವುದಿಲ್ಲ. ಅದಕ್ಕೇ ಕೇಳಬೇಕು. ನನ್ನ ಸೈಜಿನ ವೆಟ್‌ಸೂಟ್ ಮತ್ತು ಫಿನ್ ಇದೆಯಾ? ವೆಟ್‌ಸೂಟ್ ಅರ್ಧ ತೋಳಿನದೋ, ಪೂರ್ತಿಯದೋ? ಆಳ, ಸಮಯದ ಲೆಕ್ಕ ಇಡುವ ಡೈವ್ ಕಂಪ್ಯೂಟರ್ ಕೊಡುತ್ತೀರಾ, ಅದಕ್ಕೆ ಬೇರೆ ಬಾಡಿಗೆಯಾ? ಸಿಲಿಂಡರ್ ವಾಲ್ವ್ ಯೋಕ್ ಮಾದರಿಯದೋ, ಡಿನ್ ಮಾದರಿಯದೋ (ಇವೆರಡರ ವ್ಯತ್ಯಾಸ ಮುಂದೆ ಹೇಳಿದ್ದೇನೆ)? ನನ್ನದೇ ಸಲಕರಣೆ ತಂದರೆ ರಿಯಾಯಿತಿ ಇದೆಯಾ?

ಸೈಜಿನ ಪ್ರಶ್ನೆಯನ್ನು ಮಾತ್ರ ಬಿಡಬೇಡಿ. ಬಾಡಿಗೆ ಸಲಕರಣೆ ನಡುವಿನ ಸೈಜಿನವರಿಗೆ ಚೆನ್ನಾಗಿ ಒದಗುತ್ತದೆ. ತುಂಬಾ ಸಣ್ಣ ಮೈಕಟ್ಟಿನ ಹೆಂಗಸರಿಗೆ, ಆರಡಿ ಮೇಲಿನ ಎತ್ತರದವರಿಗೆ, ದಪ್ಪ ಮೈಯವರಿಗೆ, ಹನ್ನೊಂದು-ಹನ್ನೆರಡು ನಂಬರಿನ ಪಾದದವರಿಗೆ ಅಲ್ಲಿ ಆಯ್ಕೆ ಕಡಿಮೆ. ನೀವು ಈ ಗುಂಪಿನವರಾದರೆ ವೆಟ್‌ಸೂಟ್, ಫಿನ್ ಒಯ್ಯುವುದು ಅಗತ್ಯದ ಮಾತು.

ಇನ್ನೊಂದು ವಿಷಯ. ಹ್ಯಾವ್‌ಲಾಕ್‌ಗೆ 2018ರಿಂದ ಸ್ವರಾಜ್ ದ್ವೀಪ ಅಂತ ಹೆಸರು. ಪೋರ್ಟ್ ಬ್ಲೇರ್ 2024ರಲ್ಲಿ ಶ್ರೀ ವಿಜಯ ಪುರಂ ಆಗಿದೆ. ದೋಣಿ ಟಿಕೆಟ್‌ನಲ್ಲಿ ಈ ಹೆಸರು ಕಂಡರೆ ಗಾಬರಿ ಬೇಡ.

ಮಾಸ್ಕ್: ಮೊದಲು ಕೊಳ್ಳಬೇಕಾದದ್ದು ಇದೇ

ಒಂದೇ ಒಂದು ವಸ್ತು ಕೊಳ್ಳುವಷ್ಟು ಹಣ ಇದ್ದರೆ ಮಾಸ್ಕ್ ಕೊಳ್ಳಿ. ತೂಕ ಅರ್ಧ ಕಿಲೋ ಕೂಡ ಇಲ್ಲ. ಅದರಿಂದ ಸಿಗುವ ನೆಮ್ಮದಿ ಮಾತ್ರ ಬಹಳ ದೊಡ್ಡದು. ಪ್ರತಿಯೊಬ್ಬರ ಮುಖದ ಅಳತೆ ಬೇರೆ. ಮೂಗಿನ ಎತ್ತರ ಬೇರೆ, ಕೆನ್ನೆಯ ಮೂಳೆ ಬೇರೆ. ಬಾಡಿಗೆಯ ಪೆಟ್ಟಿಗೆಯಲ್ಲಿ ನಿಮ್ಮ ಮುಖಕ್ಕೆ ಕೂರುವ ಮಾಸ್ಕ್ ಸಿಕ್ಕೇ ಸಿಗುತ್ತದೆ ಅನ್ನುವ ಭರವಸೆ ಇಲ್ಲ.

ಆನ್‌ಲೈನ್‌ನಲ್ಲಿ ಚಂದ ಕಂಡದ್ದನ್ನು ಸುಮ್ನೆ ತರಿಸಬೇಡಿ. ಮುಖಕ್ಕೆ ಇಟ್ಟು ನೋಡಿಯೇ ಕೊಳ್ಳಿ. ಪಟ್ಟಿಯನ್ನು ತಲೆಯ ಹಿಂದೆ ಹಾಕದೆ ಮಾಸ್ಕನ್ನು ಮುಖಕ್ಕೆ ಮೆಲ್ಲಗೆ ಇಡಿ. ಮೂಗಿನಿಂದ ಸ್ವಲ್ಪ ಉಸಿರೆಳೆದು ಕೈ ಬಿಡಿ. ಮಾಸ್ಕ್ ಬೀಳದೆ ನಿಂತರೆ ಅದು ನಿಮಗೆ ಕೂರುತ್ತದೆ. ಕೂದಲು ಒಳಗೆ ಸಿಕ್ಕಿಕೊಂಡಿಲ್ಲ ಅಂತ ನೋಡಿಕೊಂಡು ಇದನ್ನು ಎರಡು ಮೂರು ಸಲ ಮಾಡಿ. ಆಮೇಲೆ ರೆಗ್ಯುಲೇಟರ್ ಅಥವಾ ಸ್ನಾರ್ಕೆಲ್‌ನ (ನೀರಿನ ಮೇಲ್ಮೈಯಲ್ಲಿ ಉಸಿರಾಡುವ ಕೊಳವೆ) ಮೌತ್‌ಪೀಸ್ ಬಾಯಲ್ಲಿ ಕಚ್ಚಿಕೊಂಡು ಮತ್ತೊಮ್ಮೆ ನೋಡಿ. ಬಾಯಿ ತೆರೆದಾಗ ಕೆನ್ನೆಯ ಆಕಾರ ಬದಲಾಗುತ್ತದೆ. ಬಾಯಿ ಮುಚ್ಚಿದ್ದಾಗ ಚೆನ್ನಾಗಿ ಕೂತ ಮಾಸ್ಕ್ ಆಗ ಸೋರಬಹುದು. ಮೂಗನ್ನು ಹೊರಗಿನಿಂದ ಬೆರಳಲ್ಲಿ ಸುಲಭವಾಗಿ ಒತ್ತಿ ಹಿಡಿಯಲು ಬರುತ್ತದಾ ಅಂತಲೂ ನೋಡಬೇಕು. ಇಳಿಯುವಾಗ ಕಿವಿಯ ಒತ್ತಡ ಸರಿ ಮಾಡಿಕೊಳ್ಳಲು ಅದು ಬೇಕೇ ಬೇಕು.

ಮೀಸೆ ಇರುವವರಿಗೆ ಒಂದು ಮಾತು. ಮಾಸ್ಕಿನ ಸಿಲಿಕೋನ್ ಅಂಚು ಮೇಲ್ದುಟಿಯ ಮೇಲೆ ಕೂರುತ್ತದೆ. ಅಲ್ಲಿ ದಪ್ಪ ಮೀಸೆ ಇದ್ದರೆ ಕೂದಲ ಸಂದಿಯಿಂದ ನೀರು ಒಳಗೆ ಬರುತ್ತದೆ. ಮೀಸೆ ತೆಗೆಯಬೇಕಿಲ್ಲ. ಮೂಗಿನ ಕೆಳಗೆ ತೆಳುವಾಗಿ ಒಂದು ಗೆರೆಯಷ್ಟು ಜಾಗ ಬೋಳಿಸಿದರೆ ಸಾಕು. ಕೆಲವರು ಅಲ್ಲಿಗೆ ವ್ಯಾಸ್‌ಲಿನ್ ಹಚ್ಚುತ್ತಾರೆ. ಪೆಟ್ರೋಲಿಯಂ ಜೆಲ್ಲಿ ಸಿಲಿಕೋನನ್ನು ಹಾಳು ಮಾಡುತ್ತದೆ, ಹಚ್ಚಬೇಡಿ. ಹಚ್ಚಲೇಬೇಕಿದ್ದರೆ ಸಿಲಿಕೋನ್ ಗ್ರೀಸ್ ಹಚ್ಚಿ.

ಕನ್ನಡಕದವರಿಗೆ ಹಲವು ಮಾದರಿಗಳಲ್ಲಿ ಪವರ್ ಇರುವ ಗಾಜು ಸಿದ್ಧವಾಗಿಯೇ ಸಿಗುತ್ತದೆ. ಅರ್ಧರ್ಧ ಪವರ್‌ನ ಅಂತರದಲ್ಲಿ ಬರುತ್ತದೆ, ಹಾಗಾಗಿ ನಿಮ್ಮ ನಂಬರಿಗೆ ಹತ್ತಿರದ್ದನ್ನು ಆರಿಸಿ. ಮೈನಸ್ ಒಂದರಷ್ಟು ಕಡಿಮೆ ಪವರ್ ಇದ್ದವರಿಗೆ ಅನೇಕ ಸಲ ಇದರ ಅಗತ್ಯವೇ ಬೀಳುವುದಿಲ್ಲ. ನೀರೊಳಗೆ ಎಲ್ಲವೂ ಮೂರನೇ ಒಂದು ಭಾಗದಷ್ಟು ದೊಡ್ಡದಾಗಿ, ಹತ್ತಿರದಲ್ಲಿ ಕಾಣುತ್ತದೆ. ಮೆತ್ತನೆಯ ಕಾಂಟ್ಯಾಕ್ಟ್ ಲೆನ್ಸ್ ಹಾಕಿಕೊಂಡು ಡೈವ್ ಮಾಡುವವರೂ ಇದ್ದಾರೆ. ಅವರು ಬಿಸಾಡುವ ಮಾದರಿಯ ಲೆನ್ಸ್ ನಾಲ್ಕು ಜೊತೆ ಜಾಸ್ತಿ ಇಟ್ಟುಕೊಳ್ಳಲಿ.

ಹೊಸ ಮಾಸ್ಕನ್ನು ಹಾಗೇ ಬ್ಯಾಗಿಗೆ ಹಾಕಬೇಡಿ. ತಯಾರಿಕೆಯ ವೇಳೆ ಗಾಜಿನ ಮೇಲೆ ಸಿಲಿಕೋನ್‌ನ ತೆಳು ಪದರ ಕೂತಿರುತ್ತದೆ. ಅದು ಹೋಗದಿದ್ದರೆ ಮಂಜು ಕಟ್ಟುವುದು ತಪ್ಪುವುದಿಲ್ಲ. ಬಿಳಿ ಟೂತ್‌ಪೇಸ್ಟ್ ಹಚ್ಚಿ, ಗಾಜಿನ ಒಳಬದಿಯನ್ನು ಬೆರಳಿನಿಂದ ಚೆನ್ನಾಗಿ ಉಜ್ಜಿ, ತೊಳೆಯಿರಿ. ಜೆಲ್ ಪೇಸ್ಟ್ ಬೇಡ. ಇದನ್ನು ಹಲವು ಸಲ ಮಾಡಬೇಕು. ಗಾಜಿಗೆ ಮಂಜು ತಡೆಯುವ ಲೇಪನ ಇದೆ ಅಂತ ಪೆಟ್ಟಿಗೆಯ ಮೇಲೆ ಬರೆದಿದ್ದರೆ ಮಾತ್ರ ಉಜ್ಜಬಾರದು. ಡೈವ್‌ಗೆ ಮೊದಲು ಎರಡು ಹನಿ ಬೇಬಿ ಶಾಂಪೂ ಸವರಿ ತೊಳೆದರೆ ಮಂಜಿನ ಕಾಟ ಇರುವುದಿಲ್ಲ.

ಉದ್ದ ಕೂದಲಿದ್ದರೆ ಪಟ್ಟಿಗೆ ಬಟ್ಟೆಯ ಅಥವಾ ನಿಯೋಪ್ರೀನ್ (ವೆಟ್‌ಸೂಟ್ ಮಾಡುವ ರಬ್ಬರು) ಕವರ್ ಹಾಕಿ. ತಲೆಗೆ ಎಣ್ಣೆ ಹಚ್ಚಿಕೊಂಡು ಡೈವ್‌ಗೆ ಹೋಗಬೇಡಿ, ಪಟ್ಟಿ ಜಾರುತ್ತದೆ.

ಡೈವ್ ಕಂಪ್ಯೂಟರ್

ಮಾಸ್ಕ್ ನಂತರದ ಜಾಗ ಇದರದ್ದು. ಹ್ಯಾವ್‌ಲಾಕ್‌ನ ಡಿಕ್ಸನ್ಸ್ ಪಿನಕಲ್, ಜಾನೀಸ್ ಗಾರ್ಜ್‌ನಂಥ ಜಾಗಗಳು ಆಳದವು. ಅಲ್ಲಿ ದಿನಕ್ಕೆ ಎರಡರಂತೆ ನಾಲ್ಕೈದು ದಿನ ಇಳಿದರೆ ಮೈಯಲ್ಲಿ ಎಷ್ಟು ನೈಟ್ರೋಜನ್ ಸೇರಿತು ಅನ್ನುವ ಲೆಕ್ಕ ತಪ್ಪಬಾರದು. ಗೈಡ್ ಕೈಯಲ್ಲಿರುವ ಕಂಪ್ಯೂಟರ್ ಅವರ ಲೆಕ್ಕ ಹೇಳುತ್ತದೆ, ನಿಮ್ಮದನ್ನಲ್ಲ. ನೀವು ಎರಡು ಮೀಟರ್ ಕೆಳಗೆ ಇದ್ದಿರಬಹುದು. ನಿನ್ನೆ ಅವರು ಮಾಡದ ಡೈವ್ ನೀವು ಮಾಡಿರಬಹುದು. ಆದ್ದರಿಂದ ಒಂದೇ ಕಂಪ್ಯೂಟರನ್ನು ಇಬ್ಬರು ಹಂಚಿಕೊಳ್ಳಬಾರದು. ಬೆಳಗ್ಗೆ ಒಬ್ಬರು, ಮಧ್ಯಾಹ್ನ ಇನ್ನೊಬ್ಬರು ಕಟ್ಟಿಕೊಳ್ಳುವುದೂ ಬೇಡ.

ಕೊಳ್ಳುವಾಗ ದೊಡ್ಡ ಅಂಕಿ, ಗಾಳಿ ಮತ್ತು ನೈಟ್ರಾಕ್ಸ್ (ಆಮ್ಲಜನಕ ಹೆಚ್ಚಿಸಿದ ಗಾಳಿ) ಎರಡರ ಮೋಡ್, ಸುಲಭವಾಗಿ ಸಿಗುವ ಬ್ಯಾಟರಿ ಇಷ್ಟು ನೋಡಿ. ಉಳಿದದ್ದು ಹೊಸಬರಿಗೆ ಬೇಕಿಲ್ಲ. ಹೊರಡುವ ಮೊದಲು ಬ್ಯಾಟರಿ ಹೊಸದು ಹಾಕಿಸಿ. ಬಳಸುವ ರೀತಿಯನ್ನು ಮನೆಯಲ್ಲೇ ಕೂತು ಓದಿ ಮುಗಿಸಿ. ದೋಣಿಯಲ್ಲಿ ಕೂತು ಬಟನ್ ಹುಡುಕುವ ಹೊತ್ತಲ್ಲ ಅದು. ಸದ್ಯಕ್ಕೆ ಕೊಳ್ಳಲು ಆಗದಿದ್ದರೆ ಇಡೀ ವಾರಕ್ಕೆ ಒಂದನ್ನೇ ಬಾಡಿಗೆಗೆ ತೆಗೆದುಕೊಂಡು, ಅದನ್ನು ಬೇರೆಯವರಿಗೆ ಕೊಡಬೇಡಿ ಅಂತ ಸೆಂಟರ್‌ನವರಿಗೆ ಹೇಳಿ.

ಮೈಗೆ ಏನು ಹಾಕಬೇಕು?

ಅಂಡಮಾನ್ ಸಮುದ್ರದ ನೀರು ಡೈವಿಂಗ್ ಕಾಲದಲ್ಲಿ ಸಾಮಾನ್ಯವಾಗಿ 27ರಿಂದ 30 ಡಿಗ್ರಿ ಸೆಲ್ಸಿಯಸ್ ಇರುತ್ತದೆ. ಕೇಳಿದರೆ ಬೆಚ್ಚಗೇ ಅನಿಸುತ್ತದೆ. ಆದರೆ ನೀರು ಗಾಳಿಗಿಂತ ಇಪ್ಪತ್ತು ಪಟ್ಟಿಗೂ ಜಾಸ್ತಿ ವೇಗವಾಗಿ ಮೈಯ ಬಿಸಿ ಎಳೆಯುತ್ತದೆ. ಮೊದಲ ಡೈವ್ ಹಾಯಾಗಿರುತ್ತದೆ. ಎರಡನೆಯದರ ಕೊನೆಗೆ ನಡುಕ ಶುರುವಾಗುತ್ತದೆ. ಮೂರನೇ ದಿನಕ್ಕೆ ಇಳಿಯುವ ಮನಸ್ಸೇ ಬರುವುದಿಲ್ಲ. ಚಳಿಯಾದರೆ ಗಾಳಿಯೂ ಬೇಗ ಖರ್ಚಾಗುತ್ತದೆ.

ನನ್ನ ಮಟ್ಟಿಗೆ ಪೂರ್ತಿ ತೋಳು, ಪೂರ್ತಿ ಕಾಲಿನ 3 ಮಿಲಿಮೀಟರ್ ವೆಟ್‌ಸೂಟ್ ಸರಿಯಾದ ಆಯ್ಕೆ. ಬೇಗ ಚಳಿ ಹಿಡಿಯುವವರು ಒಳಗೆ ತಲೆ ಮುಚ್ಚುವ ತೆಳುವಾದ ವೆಸ್ಟ್ ಹಾಕಿಕೊಳ್ಳಲಿ. ಚಳಿಯೇ ಆಗದವರಿಗೂ ಬರೀ ಅರ್ಧ ತೋಳು ಬೇಡ. ಜೆಲ್ಲಿಫಿಶ್, ತಾಗಿದರೆ ಉರಿಯುವ ಫೈರ್ ಕೋರಲ್, ಬಿಸಿಲು ಮೂರರಿಂದಲೂ ಚರ್ಮಕ್ಕೆ ರಕ್ಷಣೆ ಬೇಕು. ಬಾಡಿಗೆಯ ಸೂಟ್ ಅರ್ಧ ತೋಳಿನದಾಗಿದ್ದರೆ ಅದರೊಳಗೆ ಪೂರ್ತಿ ತೋಳಿನ ರ‍್ಯಾಶ್‌ಗಾರ್ಡ್ (ಮೈಗಂಟುವ ತೆಳು ಈಜಂಗಿ), ಕೆಳಗೆ ಲೆಗ್ಗಿಂಗ್ಸ್ ಹಾಕಿ. ಇವೆರಡೂ ತೂಕವೇ ಇಲ್ಲದ ಬಟ್ಟೆ, ಹಗುರ ಲಗೇಜಿನವರಿಗೆ ವೆಟ್‌ಸೂಟ್‌ಗಿಂತ ಇದೇ ಉತ್ತಮ. ಇನ್ನೊಬ್ಬರು ಹಾಕಿದ ಸೂಟ್ ನೇರ ಚರ್ಮಕ್ಕೆ ತಾಗುವುದೂ ತಪ್ಪುತ್ತದೆ.

ಸ್ವಂತ ವೆಟ್‌ಸೂಟ್ ಕೊಳ್ಳುವವರು ಬಿಗಿಯಾಗಿ ಕೂರುವುದನ್ನೇ ಕೊಳ್ಳಿ. ಬೆನ್ನಿನ ಕೆಳಗೆ, ಕಂಕುಳಲ್ಲಿ ಸಡಿಲ ಇದ್ದರೆ ತಣ್ಣೀರು ಒಳಗೆ ಓಡಾಡುತ್ತದೆ. ಆಮೇಲೆ ಎಷ್ಟು ದಪ್ಪದ ಸೂಟ್ ಆದರೂ ಪ್ರಯೋಜನ ಇಲ್ಲ.

ದೋಣಿಯಲ್ಲಿ ಎರಡು ಡೈವ್ ನಡುವೆ ಒದ್ದೆ ಮೈಯಲ್ಲಿ ಗಾಳಿಗೆ ಕೂರಬೇಕಾಗುತ್ತದೆ. ಒಂದು ತೆಳು ವಿಂಡ್‌ಚೀಟರ್ ಮರೆಯಬೇಡಿ.

ಫಿನ್

ಇಲ್ಲಿ ನನ್ನ ಸಲಹೆ: ಬಾಡಿಗೆಯದು ನಿಮ್ಮ ಪಾದಕ್ಕೆ ಸರಿಯಾಗಿ ಕೂತರೆ ನಿಮ್ಮದನ್ನು ಮನೆಯಲ್ಲೇ ಬಿಡಿ. ಬಾಡಿಗೆ ಫಿನ್ ಹೆಚ್ಚಾಗಿ ಇಡೀ ಪಾದ ತೂರಿಸುವ ಮಾದರಿಯದು. ಬರಿಗಾಲಲ್ಲಿ ಹಾಕಿದರೆ ಹಿಮ್ಮಡಿ ಉಜ್ಜಿ ಗುಳ್ಳೆ ಬರುತ್ತದೆ. ಉಪ್ಪುನೀರಿನಲ್ಲಿ ಆ ಗಾಯ ವಾರವಿಡೀ ಉರಿಯುತ್ತದೆ. ತೆಳುವಾದ ನಿಯೋಪ್ರೀನ್ ಕಾಲುಚೀಲ ಒಂದು ಜೊತೆ ಒಯ್ದರೆ ಈ ತೊಂದರೆ ಇಲ್ಲ. ನಿಮೋ ರೀಫ್‌ನಂಥ ಕಡೆ ದಡದಿಂದಲೇ ನಡೆದು ನೀರಿಗೆ ಇಳಿಯುತ್ತಾರೆ. ಹವಳದ ಚೂರು, ಕಲ್ಲು ಕಾಲಿಗೆ ಸಿಗುತ್ತವೆ. ಅಲ್ಲಿ ಹಳೆಯ ನೀರಿನ ಚಪ್ಪಲಿ ಅಥವಾ ಗಟ್ಟಿ ತಳದ ಬೂಟಿ ಇದ್ದರೆ ಒಳ್ಳೆಯದು.

ಬೆನ್ನಿನ ಮೇಲಿನದು

ವರ್ಷಕ್ಕೆ ಒಂದೇ ರಜೆ, ಎಂಟು ಹತ್ತು ಡೈವ್ ಮಾಡುವವರು ಬಿಸಿಡಿ, ರೆಗ್ಯುಲೇಟರ್ ಕೊಳ್ಳಬೇಡಿ. ರೆಗ್ಯುಲೇಟರ್ ನಿಮ್ಮ ಉಸಿರಿನ ಯಂತ್ರ. ತಯಾರಕರು ಹೇಳಿದ ಅವಧಿಗೆ, ಹೆಚ್ಚಿನವುಗಳಲ್ಲಿ ವರ್ಷಕ್ಕೋ ಎರಡು ವರ್ಷಕ್ಕೋ ಒಮ್ಮೆ, ಬಿಚ್ಚಿ ಸರ್ವಿಸ್ ಮಾಡಿಸಬೇಕು. ಕಪಾಟಿನಲ್ಲಿ ಎರಡು ವರ್ಷ ಸುಮ್ನೆ ಬಿದ್ದ ಸ್ವಂತ ರೆಗ್ಯುಲೇಟರ್‌ಗಿಂತ ದಿನಾ ಬಳಕೆಯಲ್ಲಿರುವ, ಕ್ರಮವಾಗಿ ಸರ್ವಿಸ್ ಆಗುವ ಸೆಂಟರ್‌ನ ರೆಗ್ಯುಲೇಟರ್ ಮೇಲು.

ಸ್ವಂತದ್ದು ಈಗಾಗಲೇ ಇದ್ದು, ಅದರಲ್ಲೇ ಅಭ್ಯಾಸವಾಗಿದ್ದರೆ ಖಂಡಿತ ಒಯ್ಯಿರಿ. ಯೋಕ್ ಅಂದರೆ ವಾಲ್ವನ್ನು ಹೊರಗಿನಿಂದ ಹಿಡಿಯುವ ಕ್ಲಾಂಪ್. ಡಿನ್ ಅಂದರೆ ವಾಲ್ವಿನ ಒಳಗೆ ತಿರುಗಿಸಿ ಕೂರಿಸುವುದು. ನಮ್ಮ ಕಡೆ, ಥಾಯ್ಲೆಂಡ್, ಮಾಲ್ಡೀವ್ಸ್ ಎಲ್ಲ ಕಡೆ ಯೋಕ್ ಬಳಕೆ ಜಾಸ್ತಿ. ನಿಮ್ಮದು ಡಿನ್ ಆದರೆ ಅಡಾಪ್ಟರ್ ಇಟ್ಟುಕೊಳ್ಳಿ. ರೆಗ್ಯುಲೇಟರ್, ಮಾಸ್ಕ್, ಕಂಪ್ಯೂಟರ್ ಮೂರೂ ಕೈಚೀಲದಲ್ಲಿ ಇರಲಿ. ಚೆಕ್-ಇನ್ ಬ್ಯಾಗ್ ಒಂದು ದಿನ ತಡವಾಗಿ ಬಂದರೂ ಡೈವ್ ನಿಲ್ಲುವುದಿಲ್ಲ.

ಬಾಡಿಗೆಯದನ್ನೇ ಬಳಸುವವರು ಸ್ವಂತ ಮೌತ್‌ಪೀಸ್ ಒಂದು, ಜಿಪ್ ಟೈ ಎರಡು ಒಯ್ಯಿರಿ. ಸೆಂಟರ್‌ನವರೇ ಬದಲಿಸಿ ಕೊಡುತ್ತಾರೆ. ಕೊಟ್ಟ ಸಲಕರಣೆಯನ್ನು ದಡದಲ್ಲೇ ಪರೀಕ್ಷಿಸಿ. ಬಿಸಿಡಿಗೆ ಪೂರ್ತಿ ಗಾಳಿ ತುಂಬಿ ಹತ್ತು ನಿಮಿಷ ಇಡಿ, ಮೆತ್ತಗಾದರೆ ಬದಲಿಸಲು ಹೇಳಿ. ನಿಮ್ಮದು, ಜೊತೆಗಾರರಿಗೆ ಅಂತ ಇರುವ ಹೆಚ್ಚುವರಿಯದು, ಎರಡೂ ಮೌತ್‌ಪೀಸ್‌ನಿಂದ ನಾಲ್ಕೈದು ಉಸಿರು ಎಳೆಯುತ್ತಾ ಸಿಲಿಂಡರ್ ಗಾಳಿಯ ಒತ್ತಡ ತೋರಿಸುವ ಗೇಜ್ ನೋಡಿ. ಪ್ರತಿ ಉಸಿರಿಗೂ ಮುಳ್ಳು ಕೆಳಗೆ ಮೇಲೆ ಕುಣಿದರೆ ಸಿಲಿಂಡರ್ ವಾಲ್ವ್ ಪೂರ್ತಿ ತೆರೆದಿಲ್ಲ. ಬಿಸಿಡಿಗೆ ಗಾಳಿ ತುಂಬುವ ಇನ್‌ಫ್ಲೇಟರ್ ಬಟನ್ ಒತ್ತಿ ಬಿಟ್ಟ ಮೇಲೂ ಗಾಳಿ ನುಗ್ಗುತ್ತಿದ್ದರೆ ಅದನ್ನು ತೆಗೆದುಕೊಳ್ಳಲೇಬೇಡಿ. ಬೇರೆ ಕೇಳಲು ಸಂಕೋಚ ಪಡಬೇಕಿಲ್ಲ. ಎಷ್ಟು ಕಿಲೋ ತೂಕ ಹಾಕಿದಾಗ ಸರಿಹೋಯಿತು ಅಂತ ಲಾಗ್‌ಬುಕ್‌ನಲ್ಲಿ (ಡೈವ್‌ಗಳ ದಿನಚರಿ) ಬರೆದಿಡಿ, ಯಾವ ಸೂಟ್ ಅಂತಲೂ ಸೇರಿಸಿ.

ಸಣ್ಣಪುಟ್ಟದ್ದು

ನೀರಿನ ಮೇಲೆ ಬಂದಾಗ ದೋಣಿಗೆ ಕಾಣಲು ಉಬ್ಬಿಸುವ ಉದ್ದನೆಯ ಕಿತ್ತಳೆ ಬಣ್ಣದ ಟ್ಯೂಬ್, ಅಂದರೆ ಎಸ್‌ಎಂಬಿ, ನಿಮ್ಮದೇ ಇರಲಿ. ಜೊತೆಗೆ ಒಂದು ಸೀಟಿ. ಗುಂಪಿನಿಂದ ಬೇರೆಯಾದಾಗ ಉಪಯೋಗಕ್ಕೆ ಬರುವುದು ಇವೇ. ಆದರೆ ಅದನ್ನು ನೀರೊಳಗಿನಿಂದ ಬಿಡಲು ಕಲಿತಿರಬೇಕು. ಕಲಿಯದವರು ಮೇಲೆ ಬಂದ ಮೇಲೆ ಉಬ್ಬಿಸಿ.

ರಾತ್ರಿ ಡೈವ್ ಇದ್ದರೆ ಟಾರ್ಚ್. ಹಗಲಲ್ಲೂ ಬಂಡೆಯ ಸಂದಿ ನೋಡಲು ಚಿಕ್ಕದೊಂದು ಚೆನ್ನ. ಬಿಡಿ ಲಿಥಿಯಂ ಬ್ಯಾಟರಿ ಮತ್ತು ಪವರ್ ಬ್ಯಾಂಕ್ ಕೈಚೀಲದಲ್ಲಿ ಮಾತ್ರ ಒಯ್ಯಬೇಕು. ಡೈವಿಂಗ್ ಚಾಕು ಇದಕ್ಕೆ ತದ್ವಿರುದ್ಧ, ಚೆಕ್-ಇನ್‌ನಲ್ಲೇ ಹೋಗಬೇಕು. ಚಾಕು ಈ ರಜೆಗೆ ಬೇಕಿಲ್ಲ ಅಂತಲೇ ನಾನು ಹೇಳುತ್ತೇನೆ. ಕೈಗವಸು ಅಂತೂ ಬೇಡವೇ ಬೇಡ. ಗವಸು ಇದ್ದರೆ ಹವಳವನ್ನು ಹಿಡಿಯುವ ಧೈರ್ಯ ಬರುತ್ತದೆ. ಎಷ್ಟೋ ವರ್ಷದಲ್ಲಿ ಬೆಳೆದದ್ದು ಒಂದು ಹಿಡಿತಕ್ಕೆ ಮುರಿಯುತ್ತದೆ. ಅದನ್ನು ನೋಡಲೆಂದೇ ತಾನೇ ನಾವು ಅಷ್ಟು ದೂರ ಹೋಗುವುದು?

ಕ್ಯಾಮೆರಾ ಬಗ್ಗೆ ಚುಟುಕಾಗಿ: ನೀರಲ್ಲಿ ಒಂದೇ ಮಟ್ಟದಲ್ಲಿ ತೇಲಲು ಇನ್ನೂ ಕಷ್ಟಪಡುತ್ತಿದ್ದರೆ ಕ್ಯಾಮೆರಾ ಬೇಡ. ಗೋಪ್ರೋ ತರುವವರು ಡೈವ್ ಹೌಸಿಂಗ್ ತರಲೇಬೇಕು. ಅದಿಲ್ಲದೆ ಬಾಳುವುದು 10 ಮೀಟರ್‌ವರೆಗೆ ಮಾತ್ರ. ಮೊಬೈಲ್ ಹಾಕುವ ಪ್ಲಾಸ್ಟಿಕ್ ಚೀಲ ಡೈವಿಂಗ್‌ಗೆ ಅಲ್ಲ.

ಕಾಗದ, ಔಷಧಿ

ಇವು ಮರೆತರೆ ಉಳಿದ ಯಾವುದೂ ಉಪಯೋಗಕ್ಕೆ ಬರುವುದಿಲ್ಲ. ಡೈವ್‌ಗೆ ಮೊದಲು ಆರೋಗ್ಯದ ಪ್ರಶ್ನೆಗಳ ಫಾರಂ ತುಂಬಿಸುತ್ತಾರೆ. ಆಸ್ತಮಾ, ಹೃದಯದ ತೊಂದರೆ, ಮಧುಮೇಹ, ಕಿವಿಯ ಆಪರೇಷನ್ ಇಂಥವುಗಳಿಗೆ ಹೌದು ಅಂತ ಬರೆದರೆ ವೈದ್ಯರ ಸಹಿ ಬೇಕಾಗುತ್ತದೆ. ದ್ವೀಪಕ್ಕೆ ಹೋದ ಮೇಲೆ ಅಲ್ಲಿ ವೈದ್ಯರನ್ನು ಹುಡುಕುವುದು ಕಷ್ಟ. ಫಾರಂ ಮೊದಲೇ ತರಿಸಿಕೊಂಡು ನಿಮ್ಮ ವೈದ್ಯರಿಗೆ ತೋರಿಸಿ. ಹಣ ಹೋಗುತ್ತದೆ ಅಂತ ಸುಳ್ಳು ಬರೆಯುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ನೀರೊಳಗೆ ಉಸಿರು ಕಟ್ಟಿದರೆ ನಿಮ್ಮ ಜೊತೆಗಾರರ ಜೀವಕ್ಕೂ ಅಪಾಯ.

ಡೈವ್ ಸರ್ಟಿಫಿಕೇಟ್ ಕಾರ್ಡಿನ ಫೋಟೋ ಫೋನಿನಲ್ಲಿ ಉಳಿಸಿಕೊಳ್ಳಿ, ನೆಟ್‌ವರ್ಕ್ ನಂಬಬೇಡಿ. ಸಾಮಾನ್ಯ ಪ್ರಯಾಣ ವಿಮೆಯಲ್ಲಿ ಸ್ಕೂಬಾ ಸೇರಿದೆಯಾ, ಎಷ್ಟು ಆಳದವರೆಗೆ ಅಂತ ಓದಿ ನೋಡಿ. ದೋಣಿಯಲ್ಲಿ ವಾಂತಿ ಬರುವವರು ಮಾತ್ರೆಯ ಬಗ್ಗೆ ವೈದ್ಯರನ್ನು ಕೇಳಿ, ಮನೆಯಲ್ಲೇ ಒಮ್ಮೆ ತೆಗೆದುಕೊಂಡು ನೋಡಿ. ಕೆಲವು ಮಾತ್ರೆಯಿಂದ ತುಂಬಾ ನಿದ್ದೆ ಬರುತ್ತದೆ, ಅವು ಡೈವಿಂಗ್‌ಗೆ ಆಗಿಬರುವುದಿಲ್ಲ.

ಮಾಲ್ಡೀವ್ಸ್ ಆದರೆ ಏನು ಬದಲಾಗುತ್ತದೆ?

ನೀರಿನ ಬಿಸಿ ಹೆಚ್ಚುಕಡಿಮೆ ಅಷ್ಟೇ. ಸೆಳೆತ ಮಾತ್ರ ಜಾಸ್ತಿ. ಹವಳ ದಿಬ್ಬಗಳ ನಡುವಿನ ಕಾಲುವೆಗಳಲ್ಲಿ ನೀರು ರಭಸವಾಗಿ ನುಗ್ಗುತ್ತದೆ. ಅಲ್ಲಿ ಎಸ್‌ಎಂಬಿ ಮತ್ತು ಕಂಪ್ಯೂಟರ್ ಇಲ್ಲದೆ ಹೋಗಬೇಡಿ. ಮನರಂಜನೆಯ ಡೈವಿಂಗ್‌ಗೆ ಅಲ್ಲಿನ ಕಾನೂನಿನ ಮಿತಿ 30 ಮೀಟರ್. ಹಡಗಿನಲ್ಲೇ ಉಳಿದು ಡೈವ್ ಮಾಡುವ ಲಿವ್‌ಅಬೋರ್ಡ್ ಆದರೆ ನಡುಸಮುದ್ರದಲ್ಲಿ ಅಂಗಡಿ ಸಿಗುವುದಿಲ್ಲ. ಮಾಸ್ಕ್ ಪಟ್ಟಿ, ಫಿನ್ ಪಟ್ಟಿ, ಸೋರಿಕೆ ತಡೆಯುವ ರಬ್ಬರ್ ಬಳೆ ಓ-ರಿಂಗ್, ಬ್ಯಾಟರಿ ಒಂದೊಂದು ಹೆಚ್ಚಿಗೆ ಇರಲಿ. ದಿನಕ್ಕೆ ಮೂರು ನಾಲ್ಕು ಡೈವ್ ಆಗುವುದರಿಂದ ಸ್ವಂತ ವೆಟ್‌ಸೂಟ್ ಅಲ್ಲಿ ನಿಜಕ್ಕೂ ಉಪಯೋಗ. ಸ್ನಾರ್ಕೆಲ್ ಕೂಡ ಒಯ್ಯಿರಿ. ಮಂಟಾ ಅನ್ನುವ ದೊಡ್ಡ ತಿರಂಡಿ ಮೀನುಗಳಿಗೆ ಹೆಸರಾದ ಹನಿಫಾರು ಕೊಲ್ಲಿಯಲ್ಲಿ ಸ್ಕೂಬಾಗೆ ಅನುಮತಿ ಇಲ್ಲ, ಸ್ನಾರ್ಕೆಲ್‌ಗೆ ಮಾತ್ರ.

ಹೊರಡುವ ಮೊದಲು, ಬರುವ ಮೊದಲು

ಹೊಸ ಸಲಕರಣೆಯನ್ನು ಒಮ್ಮೆ ಈಜುಕೊಳದಲ್ಲಿ ಬಳಸಿ ನೋಡಿ. ಸಮಯ ಇದ್ದರೆ ನೇತ್ರಾಣಿ ಇನ್ನೂ ಒಳ್ಳೆಯದು. ಮುರುಡೇಶ್ವರದಿಂದ ದೋಣಿ ಹೋಗುತ್ತದೆ. ನೀರಿನ ಬಿಸಿಯೂ ಅಂಡಮಾನಿನಂತೆಯೇ. ಆದರೆ ಅಲ್ಲಿ ಡೈವ್ ಮಾಡಿ ಅದೇ ಸಂಜೆ ಘಟ್ಟ ಹತ್ತುವ ಬಸ್ಸು ಹಿಡಿಯಬೇಡಿ. ಬೆಂಗಳೂರು ಸಮುದ್ರ ಮಟ್ಟದಿಂದ 900 ಮೀಟರ್ ಎತ್ತರದಲ್ಲಿದೆ. ಡೈವ್ ಆದ ಮೇಲೆ ವಿಮಾನ ಹತ್ತುವ ಮೊದಲು ಮೈಯಲ್ಲಿ ಸೇರಿದ ನೈಟ್ರೋಜನ್ ಹೊರಹೋಗಲು ಕಾಯಬೇಕು, ಸುಮಾರು 600 ಮೀಟರ್ ದಾಟಿ ಮೇಲೆ ಹೋಗುವುದಕ್ಕೂ ಅದೇ ನಿಯಮ ಅನ್ವಯ. ಒಂದೇ ಡೈವ್ ಆಗಿದ್ದರೆ ಕಡಿಮೆ ಅಂದರೂ 12 ಗಂಟೆ, ಹಲವು ಡೈವ್ ಅಥವಾ ಹಲವು ದಿನದ ಡೈವ್ ಆಗಿದ್ದರೆ 18 ಗಂಟೆ ಬಿಡುವು ಬೇಕು. ರಾತ್ರಿ ಮುರುಡೇಶ್ವರದಲ್ಲೇ ಉಳಿದು ಮರುದಿನ ಹೊರಡಿ.

ಅಂಡಮಾನ್‌ನಲ್ಲೂ ವಾಪಸ್ ಬರುವ ಹಿಂದಿನ ದಿನ ಬೆಳಗ್ಗೆಗೇ ಡೈವ್ ಮುಗಿಸಿ. ಆ ಬಿಡುವಿನಲ್ಲಿ ಸಲಕರಣೆ ಸಿಹಿನೀರಲ್ಲಿ ತೊಳೆದು ನೆರಳಲ್ಲಿ ಒಣಗಿಸಬಹುದು. ಒದ್ದೆ ವೆಟ್‌ಸೂಟ್ ಒಣಗಿದ್ದಕ್ಕಿಂತ ಎಷ್ಟೋ ಭಾರ, ಅದಕ್ಕೇ ವಿಮಾನದಲ್ಲಿ ಹೆಚ್ಚುವರಿ ಹಣ ಕಟ್ಟಬೇಕಾಗಬಹುದು. ಒದ್ದೆ ಉಳಿದದ್ದನ್ನು ಡ್ರೈ ಬ್ಯಾಗಿಗೆ ತುಂಬಿ ಬಾಯಿ ಸುತ್ತಿ ಕಟ್ಟಿ. ಮಾಸ್ಕನ್ನು ಅದರ ಗಟ್ಟಿ ಡಬ್ಬಿಯಲ್ಲೇ ಇಡಿ, ಅಂಚು ಮಡಿಸಿದರೆ ಆಕಾರ ಕೆಡುತ್ತದೆ. ದಡದಲ್ಲಿ ಆಯ್ದ ಹವಳದ ಚೂರು, ಚಿಪ್ಪು ಮಕ್ಕಳ ಜೇಬಿನಲ್ಲಿ ಉಳಿದಿಲ್ಲ ಅಂತ ನೋಡಿಕೊಳ್ಳಿ. ಸತ್ತ ಹವಳವೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಅಡಿಯಲ್ಲಿ ಬರುತ್ತದೆ, ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಸಿಕ್ಕಿದರೆ ಕೇಸಾಗುತ್ತದೆ.